ಐವತ್ತು ನಿಮಿಷ, ಹನ್ನೊಂದು ದಿನ: ತಪ್ಪಿನಿಂದ ನಾನು ಕಲಿತದ್ದು

ನಾನು ದಾವಣಗೆರೆಯವನು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷದ ಮೇಲಾಯ್ತು. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. "ತಪ್ಪುಗಳಿಂದ ಕಲಿಯೋದರ ಬಗ್ಗೆ ಮಾತಾಡಿ" ಅಂದಾಗ ನನಗೆ ನಗು ಬಂತು. ಈ ವಿಷಯದಲ್ಲಿ ನನ್ನ ಅನುಭವ ಸ್ವಲ್ಪ ಜಾಸ್ತಿನೇ ಇದೆ! ಇವತ್ತು ಎರಡೇ ಎರಡು ತಪ್ಪು ಹೇಳ್ತೀನಿ. ಒಂದು ಆಫೀಸಿನದು, ಇನ್ನೊಂದು ಮನೆಯದು.

ಮೊದಲನೆಯದು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಶುಕ್ರವಾರ ಸಂಜೆ, 7 ಗಂಟೆ 10 ನಿಮಿಷ. ಸಾಲದ ಕಂತು ಕಟ್ಟುವ ದಿನಾಂಕಗಳಿದ್ದ ಒಂದು ಟೇಬಲ್‌ನಲ್ಲಿ 14 ಸಾಲು ಸರಿಪಡಿಸಬೇಕಿತ್ತು. ಪ್ರೊಡಕ್ಷನ್ ಡೇಟಾಬೇಸ್‌ನಲ್ಲೇ ನೇರವಾಗಿ ಅಪ್‌ಡೇಟ್ ಕಮಾಂಡ್ ಕೊಟ್ಟೆ. ವೇರ್ ಅನ್ನೋ ಷರತ್ತು ಹಾಕೋದನ್ನ ಮರೆತಿದ್ದೆ. ಪರದೆ ಮೇಲೆ ಬಂತು: 61,000 ಚಿಲ್ಲರೆ ಸಾಲುಗಳು ಬದಲಾಗಿವೆ.

ಕೈಕಾಲು ತಣ್ಣಗಾದವು. ಪಕ್ಕದ ಸಾಲಿನಲ್ಲೇ ನಮ್ಮ ಟೀಮ್ ಲೀಡ್ ಕೂತಿದ್ರು. ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯಾರಿಗೂ ಗೊತ್ತಾಗೋ ಮೊದಲು ನಾನೇ ಸರಿ ಮಾಡ್ತೀನಿ ಅಂತ ಹಳೇ ಬ್ಯಾಕಪ್ ಹುಡುಕ್ತಾ ಕೂತೆ. 8 ಗಂಟೆಗೆ ಸರಿಯಾಗಿ, ದಿನಾ ಓಡುವ ಒಂದು ಜಾಬ್ ಓಡ್ತು. ಗ್ರಾಹಕರಿಗೆ ಕಂತಿನ ಎಸ್ಸೆಮ್ಮೆಸ್ ಕಳಿಸೋ ಜಾಬ್ ಅದು. ಸಾವಿರಾರು ಜನಕ್ಕೆ ತಪ್ಪು ದಿನಾಂಕ ಹೋಯ್ತು.

ನೋಡಿ, ಡೇಟಾ ಕೆಟ್ಟಿದ್ದು ಒಂದು ಸೆಕೆಂಡಿನಲ್ಲಿ. ಅದನ್ನ ಬ್ಯಾಕಪ್‌ನಿಂದ ರಾತ್ರಿ ಹತ್ತರೊಳಗೆ ವಾಪಸ್ ತಂದರು. ಆದರೆ ಹೋದ ಮೆಸೇಜ್ ವಾಪಸ್ ಬರಲ್ಲವಲ್ಲ! ನಿಜವಾದ ನಷ್ಟ ಆಗಿದ್ದು ನಾನು ಬಾಯಿ ಮುಚ್ಚಿಕೊಂಡು ಕೂತ ಆ 50 ನಿಮಿಷದಲ್ಲಿ. 7:15ಕ್ಕೆ ಹೇಳಿದ್ದರೆ ಆ ಜಾಬ್ ನಿಲ್ಲಿಸೋದು ಎರಡು ನಿಮಿಷದ ಕೆಲಸ.

ಸೋಮವಾರ ಮೀಟಿಂಗ್. ಕೆಲಸ ಹೋಯ್ತು ಅಂತಲೇ ಅಂದುಕೊಂಡು ಹೋಗಿದ್ದೆ. ಲೀಡ್ ಕೇಳಿದ್ದು ಎರಡೇ ಪ್ರಶ್ನೆ. "ಪ್ರೊಡಕ್ಷನ್‌ನಲ್ಲಿ ನೇರವಾಗಿ ಬರೆಯೋ ಅನುಮತಿ ನಿನಗೆ ಯಾಕಿತ್ತು?" ಅದನ್ನ ಬೈಗುಳ ಅಂತ ತಿಳ್ಕೊಂಡೆ. ಅಲ್ಲ, ಅವರು ನಿಜವಾಗಲೂ ಉತ್ತರ ಹುಡುಕ್ತಿದ್ರು. ಎರಡನೆಯದು, "ನನ್ನ ಹತ್ರ ಬರೋಕೆ ನಿನಗೆ ಯಾಕೆ ಭಯ ಆಯ್ತು?" ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ನಮ್ಮ ಅನುಮತಿಗಳೆಲ್ಲ ಓದೋದಕ್ಕೆ ಮಾತ್ರ ಆದವು. ಪ್ರೊಡಕ್ಷನ್ ಟರ್ಮಿನಲ್‌ನ ಹಿನ್ನೆಲೆ ಕೆಂಪು ಬಣ್ಣಕ್ಕೆ ಬಂತು. ಯಾವ ಬದಲಾವಣೆ ಆದರೂ ಇಬ್ಬರು ನೋಡಬೇಕು ಅಂತ ಆಯ್ತು. ಇಷ್ಟಾದ ಮೇಲೆ ಟೀಮ್‌ನಲ್ಲಿ ಆ ತಪ್ಪು ಮತ್ತೆ ಆಗಲಿಲ್ಲ. ನಾನು ಬುದ್ಧಿವಂತನಾದೆ ಅಂತಲ್ಲ, ಆ ತಪ್ಪು ಮಾಡೋ ದಾರಿಯೇ ಮುಚ್ಚಿಹೋಯ್ತು.

ನಿಮ್ಮಲ್ಲಿ ಹಲವರಿಗೆ ಗಿಟ್‌ಲ್ಯಾಬ್‌ನ ಕಥೆ ಗೊತ್ತಿರುತ್ತೆ. 2017ರ ಜನವರಿ 31. ಒಬ್ಬ ಇಂಜಿನಿಯರ್ ರಾತ್ರಿ ಡೇಟಾಬೇಸ್ ತೊಂದರೆ ಸರಿಪಡಿಸ್ತಾ, ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾವನ್ನೇ ಅಳಿಸಿಬಿಟ್ಟರು. ಗೊತ್ತಾಗಿ ತಕ್ಷಣ ನಿಲ್ಲಿಸಿದ್ರು. ಆದರೆ ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್‌ಗೆ ಅಂತ ಐದು ವ್ಯವಸ್ಥೆ ಇತ್ತು, ಒಂದೂ ಸರಿಯಾಗಿ ಕೈಗೆ ಬರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಯಾವುದೋ ಪರೀಕ್ಷೆಗೆ ಅಂತ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಉಳಿಸ್ತು. ಆ ಆರು ಗಂಟೆಯ ಡೇಟಾ ಮಾತ್ರ ಹೋಯ್ತು.

ಅವರು ಇದನ್ನ ಮುಚ್ಚಿಡಲಿಲ್ಲ. ಸರಿಪಡಿಸೋ ಕೆಲಸವನ್ನ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದ್ರು. ಆಮೇಲೆ ಪೂರ್ತಿ ವರದಿ ಬರೆದರು, ಆ ಇಂಜಿನಿಯರ್ ಹೆಸರು ಅದರಲ್ಲಿಲ್ಲ. ಆ ವರದಿಯಲ್ಲಿ ನನ್ನನ್ನ ತಡೆದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಅವರ ಬ್ಯಾಕಪ್ ಬಹಳ ದಿನದಿಂದ ವಿಫಲವಾಗ್ತಿತ್ತು. ವಿಫಲವಾದಾಗ ಮೇಲ್ ಹೋಗೋ ಏರ್ಪಾಡೂ ಇತ್ತು. ಆದರೆ ಆ ಮೇಲ್‌ಗಳನ್ನ ಮೇಲ್ ಸರ್ವರ್ ಒಳಗೆ ಬಿಟ್ಟುಕೊಳ್ತಿರಲಿಲ್ಲ. ಕೆಟ್ಟ ಸುದ್ದಿ ಹೊರಟಿತ್ತು, ತಲುಪಿರಲಿಲ್ಲ.

ಈಗ ಎರಡನೇ ತಪ್ಪಿಗೆ ಬರ್ತೀನಿ. ಇದನ್ನ ಹೇಳೋದು ನನಗೆ ಕಷ್ಟ.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಒಂದ್ಸಲ ಅಪ್ಪ ಫೋನ್‌ಪೇಯಲ್ಲಿ ಯಾವುದೋ ತಪ್ಪು ನಂಬರಿಗೆ 2,000 ರೂಪಾಯಿ ಕಳಿಸಿಬಿಟ್ಟರು. ನನಗೆ ಫೋನ್ ಮಾಡಿದ್ರು. ನಾನು ಯಾವುದೋ ರಿಲೀಸ್ ತಲೆಬಿಸಿಯಲ್ಲಿದ್ದೆ. "ಎಷ್ಟು ಸಲ ಹೇಳಿಕೊಡಬೇಕಪ್ಪಾ ನಿಮಗೆ? ಹೆಸರು ನೋಡಿ ಕಳಿಸೋಕೆ ಏನು ಕಷ್ಟ?" ಅಂತ ರೇಗಿದೆ. ಅವರು "ಆಯ್ತು ಬಿಡಪ್ಪ" ಅಂತ ಇಟ್ಟುಬಿಟ್ಟರು. ನಾನು ಮರೆತೆ.

ಮಾರನೇ ವರ್ಷ ಯುಗಾದಿಗೆ ಊರಿಗೆ ಹೋದೆ. ಅಪ್ಪ ಸಪ್ಪಗಿದ್ರು. ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬರೋಣ ಬನ್ನಿ ಅಂದರೆ ಏನೇನೋ ನೆಪ ಹೇಳಿದ್ರು. ಕೊನೆಗೆ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿಯೇ ಕಟ್ ಮಾಡ್ತೀವಿ ಅಂತ ಯಾರೋ ಫೋನ್ ಮಾಡಿದ್ರಂತೆ. ಒಂದು ಆ್ಯಪ್ ಹಾಕಿಸಿದ್ರಂತೆ. 87,000 ರೂಪಾಯಿ ಹೋಗಿತ್ತು. ಹೋಗಿ ಆಗಲೇ 11 ದಿನ.

"ಯಾಕಪ್ಪಾ ಹೇಳಲಿಲ್ಲ?" ಅಂದೆ. "ನೀನು ಬೈತೀಯ ಅಂತ ಕಣೋ" ಅಂದರು.

ಇಂಥ ಮೋಸಕ್ಕೆ 1930 ಅಂತ ಸಹಾಯವಾಣಿ ಇದೆ, ನಿಮಗೂ ಗೊತ್ತಿರಲಿ. ತಕ್ಷಣ ಫೋನ್ ಮಾಡಿದ್ರೆ ಹಣ ಇನ್ನೂ ಯಾವುದೋ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯೋ ಅವಕಾಶ ಇರುತ್ತೆ. ನಾವು ಅವತ್ತೇ ಮಾಡಿದ್ವಿ, ದೂರು ಕೊಟ್ವಿ. ಆದರೆ ಆ ದುಡ್ಡು ಅಷ್ಟರಲ್ಲಿ ಖಾತೆಯಿಂದ ಖಾತೆಗೆ ದಾಟಿ ಡ್ರಾ ಆಗಿಹೋಗಿತ್ತು. ಬರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಲೀಡ್‌ಗೆ ಹೆದರಿ 50 ನಿಮಿಷ ಮುಚ್ಚಿಟ್ಟೆ. ನನ್ನಪ್ಪ ನನಗೆ ಹೆದರಿ 11 ದಿನ ಮುಚ್ಚಿಟ್ಟರು. ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿಯ ಮೇಲ್ ಒಳಗೆ ಬಿಡದೇ ಇದ್ದ ಸರ್ವರ್ ನಾನೇ. ಆಫೀಸಿನಲ್ಲಿ ಜೂನಿಯರ್‌ಗಳಿಗೆ "ತಪ್ಪಾದ್ರೆ ಮೊದಲು ಬಂದು ಹೇಳಿ" ಅಂತ ಪಾಠ ಮಾಡ್ತಿದ್ದವನು ಇವನೇ!

ಬೆಳಗ್ಗೆ ಅಪ್ಪನ ಜೊತೆ ಕೂತೆ. "ಆಫೀಸಿನಲ್ಲಿ ಮಾಡ್ತೀವಲ್ಲ, ಹಂಗೆ ಒಂದು ಪೋಸ್ಟ್‌ಮಾರ್ಟಮ್ ಮಾಡೋಣ" ಅಂದೆ. "ಹಬ್ಬದ ದಿನ ಎಂಥ ಮಾತಾಡ್ತೀಯೋ!" ಅಂತ ಅಮ್ಮ ಗಾಬರಿಯಾದಳು. ಯಾರದು ತಪ್ಪು ಅನ್ನೋದು ಬೇಡ, ಹೇಗಾಯ್ತು ಅಂತ ಮಾತ್ರ ಬರೆಯೋಣ ಅಂದೆ. ಪಟ್ಟಿ ಆಯ್ತು. ಪೆನ್ಷನ್, ಉಳಿತಾಯ, ಫೋನ್‌ಪೇ ಎಲ್ಲಾ ಒಂದೇ ಖಾತೆಗೆ ಸೇರಿಸಿಕೊಟ್ಟಿದ್ದು ನಾನೇ. ಆ ಸಂಜೆ ಅಪ್ಪ ನನಗೆ ಎರಡು ಸಲ ಫೋನ್ ಮಾಡಿದ್ರು, ಮೀಟಿಂಗ್ ಅಂತ ಕಟ್ ಮಾಡಿದ್ದೂ ನಾನೇ. ಕೊನೆಯ ಸಾಲು ಅಪ್ಪ ಬರೆಸಿದ್ರು: "2,000 ಹೋದಾಗ ಮಗ ಬೈದ."

ಆಮೇಲೆ ಮೂರು ಬದಲಾವಣೆ ಮಾಡಿದ್ವಿ. ಫೋನ್‌ಗೆ ಬೇರೆ ಖಾತೆ, ಅದರಲ್ಲಿ 10,000ಕ್ಕಿಂತ ಹೆಚ್ಚು ಇಡೋದಿಲ್ಲ. ಹಾಲ್‌ನ ಕ್ಯಾಲೆಂಡರ್ ಮೇಲೆ ದಪ್ಪಗೆ 1930. ಮೂರನೆಯದು ನನಗೆ: ಅಪ್ಪ ಎರಡು ಸಲ ಫೋನ್ ಮಾಡಿದ್ರೆ ಯಾವ ಮೀಟಿಂಗ್ ಇದ್ದರೂ ಎತ್ತಬೇಕು, ಎತ್ತಿದ ಮೇಲೆ ರೇಗಬಾರದು.

ಹಾಗಂತ ತಪ್ಪಿಗೆ ಯಾರೂ ಹೊಣೆ ಅಲ್ಲ ಅಂತ ನಾನು ಹೇಳ್ತಿಲ್ಲ. ಆ ಅಪ್‌ಡೇಟ್ ಕಮಾಂಡ್ ಕೊಟ್ಟಿದ್ದು ನನ್ನ ಬೆರಳೇ. ಆದರೆ ತಪ್ಪಿನಿಂದ ಕಲಿಯಬೇಕಾದರೆ ಮೊದಲು ಅದು ಹೊರಗೆ ಬರಬೇಕು. ಹೇಳಿದವನಿಗೆ ಏಟು ಬಿದ್ದರೆ, ಮುಂದಿನ ತಪ್ಪು ನಿಮ್ಮ ತನಕ ಬರಲ್ಲ. ಊರು ಬಿಟ್ಟು ದೂರ ಇರೋ ನಮಗೆ ಇದು ಇನ್ನೂ ಹೆಚ್ಚು. ಫೋನ್‌ನಲ್ಲಿ "ಇಲ್ಲಿ ಎಲ್ಲಾ ಆರಾಮ" ಅಂತಾರಲ್ಲ, ಅದರಲ್ಲಿ ಎಷ್ಟು ನಮಗೆ ಹೆದರಿ ಹೇಳಿದ್ದು ಅಂತ ಒಮ್ಮೆ ಯೋಚನೆ ಮಾಡಿ.

ಆರು ತಿಂಗಳ ಹಿಂದೆ ಸ್ಟ್ಯಾಂಡಪ್ ನಡೀತಿದ್ದಾಗ ಅಪ್ಪನ ಫೋನ್ ಎರಡನೇ ಸಲ ಬಂತು. ಎತ್ತಿದೆ. "ಒಂದು ತಪ್ಪು ಮಾಡ್ಬಿಟ್ಟೆ ಕಣೋ, ಯಾವುದೋ ಲಿಂಕ್ ಒತ್ತಿದೆ" ಅಂದರು. ಬಾಯಿಗೆ ಬಂದ ಮಾತು ನುಂಗಿಕೊಂಡೆ. "ಹೇಳಿದ್ದು ಒಳ್ಳೇದಾಯ್ತಪ್ಪ. ಮೊದಲು ನೆಟ್ ಆಫ್ ಮಾಡಿ" ಅಂದೆ. ಒಂದು ರೂಪಾಯಿಯೂ ಹೋಗಲಿಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ, ಅವರ ತಪ್ಪು ಕೇಳೋ ಮೊದಲು ನಿಮ್ಮದೊಂದು ತಪ್ಪು ಹೇಳಿ ನೋಡಿ.