ದೀಪದ ಹೆಂಗಸಿನ ಮುಂದೆ

ಚಿತ್ರಶಾಲೆಯಲ್ಲಿ ಸ್ವಯಂಸೇವಕ ಗೈಡ್ ಆಗಿ ಕಂಡದ್ದನ್ನು ಹೇಳಿ ಎಂದಿದ್ದಾರೆ ಸಂಘದವರು. ಮೈಸೂರಿನ ಜಗನ್ಮೋಹನ ಅರಮನೆ 1861ರದ್ದು, 1915ರಲ್ಲಿ ಚಿತ್ರಶಾಲೆಯಾಯಿತು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ನಾನು ಅಲ್ಲಿನ ಒಂದೇ ಚಿತ್ರದ ಮುಂದೆ ನಿಲ್ಲುತ್ತೇನೆ. ನಮ್ಮ ಗೈಡ್‌ಗಳ ನಡುವಿನ ತಕರಾರು ಇರುವುದು ಅಲ್ಲೇ.

ದೀಪ ಹಿಡಿದ ಹೆಂಗಸು, 'ಗ್ಲೋ ಆಫ್ ಹೋಪ್'. ಬಂದವರಲ್ಲಿ ಹೆಚ್ಚಿನವರು ನೋಡಿದೊಡನೆ "ರವಿವರ್ಮಂದು" ಅಂದುಬಿಡುತ್ತಾರೆ. ರವಿವರ್ಮರ ಚಿತ್ರಗಳೂ ಅದೇ ಕಟ್ಟಡದಲ್ಲಿರುವುದರಿಂದ ಈ ಗೊಂದಲ ಸಹಜ. ಆದರೆ ಅವರು ತೀರಿಕೊಂಡದ್ದು 1906ರಲ್ಲಿ; ಈ ಚಿತ್ರ 1940ರ ದಶಕದ್ದು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ.

ಗುಂಪು ಬಂದ ಕೂಡಲೇ ಇಷ್ಟನ್ನೂ ಹೇಳಿಬಿಡಬೇಕು ಅನ್ನುತ್ತಾರೆ ನನ್ನ ಜೊತೆಯ ಸ್ವಯಂಸೇವಕರೊಬ್ಬರು. ನಾನು ಒಪ್ಪುವುದಿಲ್ಲ. ಹೆಸರು ಸಿಕ್ಕಿತೆಂದರೆ ಕಣ್ಣಿನ ಕೆಲಸ ಮುಗಿದ ಹಾಗೆ. ಮೊದಲು ಉರಿಗೆ ಅಡ್ಡ ಹಿಡಿದ ಕೈಯನ್ನು ನೋಡಬೇಕು. ಬೆರಳುಗಳ ಅಂಚು ಕೆಂಪಗಾಗಿದೆ, ಬೆಳಕು ಚರ್ಮದೊಳಗಿಂದ ಹಾದು ಬಂದಿದೆ. "ಹಿಂದೆ ಬಲ್ಬ್ ಇಟ್ಟಿದ್ದಾರಾ ಸಾರ್?" ಎಂದು ಮಕ್ಕಳು ಕೇಳುತ್ತಾರೆ. ಆಗ ಹೇಳುತ್ತೇನೆ: ಇದು ಜಲವರ್ಣ.

ಜಲವರ್ಣ ಕಲಿಸುವಾಗ ಹೈಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಿಳಿ ಬಣ್ಣ ಮುಟ್ಟಲು ಬಿಡುತ್ತಿರಲಿಲ್ಲ. "ಬೆಳಕು ಬೇಕಾದ ಕಡೆ ಕಾಗದ ಬಿಡೋ" ಎಂದು ಬ್ರಷ್ಷನ್ನೇ ಕಿತ್ತುಕೊಳ್ಳುತ್ತಿದ್ದರು. ಎಣ್ಣೆಬಣ್ಣದಲ್ಲಿ ಕತ್ತಲೆಯ ಮೇಲೆ ಬೆಳಕು ಬಳಿಯಬಹುದು. ನೀರುಬಣ್ಣದಲ್ಲಿ ಒಮ್ಮೆ ಕಪ್ಪಾದರೆ ತಿದ್ದುವುದು ಬಲು ಕಷ್ಟ. ಬೆಳಕಿನ ಜಾಗವನ್ನು ಮೊದಲಿನಿಂದಲೇ ಕಾಯ್ದುಕೊಂಡು ಬರಬೇಕು. ಇದು ಮನಸ್ಸಿಗೆ ಬಂದ ಮೇಲೆ ಹಲ್ದಂಕರ್ ಎಂಬ ಹೆಸರು ಹೇಳಿ ನೋಡಿ, ಮಕ್ಕಳು ಮರೆಯುವುದಿಲ್ಲ.

ಆದರೂ ಮನಸ್ಸಿಗೆ ಪೂರ್ತಿ ಸಮಾಧಾನವಾಗಿಲ್ಲ. ಒಬ್ಬ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಇರಲಿ ಬಿಡಪ್ಪ, ನಮ್ಮಪ್ಪ ರವಿವರ್ಮಂದು ಅಂತಲೇ ತೋರಿಸಿದ್ದು" ಅಂದರು. ನಾನು ವಾದಿಸಲಿಲ್ಲ. ಅಪ್ಪನ ಕೈ ಹಿಡಿದು ನೋಡಿದ ನೆನಪನ್ನು ತಿದ್ದುವ ಹಕ್ಕು ಗೈಡಿಗೆ ಇದೆಯೇ? ಹಾಗೆಂದು ಸುಮ್ಮನಿದ್ದರೆ ಹಲ್ದಂಕರರಿಗೆ ನ್ಯಾಯ ಕೊಡುವವರು ಯಾರು? ಹೆಸರನ್ನು ನಾನು ಕೊನೆಗೆ ಇಟ್ಟುಕೊಳ್ಳುವುದರಿಂದ, ಅಷ್ಟು ಹೊತ್ತು ನಿಲ್ಲದೆ ಮುಂದಿನ ಕೋಣೆಗೆ ಹೋದವರು ರವಿವರ್ಮರ ಹೆಸರನ್ನೇ ಊರಿಗೆ ಹೊತ್ತೊಯ್ಯುತ್ತಾರಲ್ಲ, ಅವರಿಗೆ ನಾನು ಏನು ಮಾಡಬೇಕು?