ಬರಿಗಾಲಿನ ವ್ರತವೂ ಪಾದರಕ್ಷೆಯ ದಾನವೂ

(ಅಮೀರ್‌ಪೇಟ್ ಶಾಖಾಮಠದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಪ್ರಮೇಯಗಳನ್ನು ಕುರಿತೋ ದಾಸಸಾಹಿತ್ಯವನ್ನು ಕುರಿತೋ ಮಾತನಾಡುವ ಈ ಸ್ಥಳದಲ್ಲಿ ನಾನು ಆರಿಸಿಕೊಂಡಿರುವ ವಿಷಯ ತೀರ ಕೆಳಗಿನದು, ಎಂದರೆ ಕಾಲಿನದು. ಪಾದರಕ್ಷೆ ಕೊಳ್ಳುವ ಶಕ್ತಿಯಿದ್ದೂ ಕೆಲವರು ನಿತ್ಯಜೀವನದಲ್ಲಿ ಬರಿಗಾಲಿನಲ್ಲಿಯೇ ನಡೆಯುತ್ತಾರೆ. ಅದೇಕೆ? ಅದನ್ನು ನಾವು ಹೇಗೆ ಕಾಣಬೇಕು? ಇಷ್ಟೇ ಇಂದಿನ ವಿಚಾರ.

ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಾರ್ತೀಕ ಮಾಸ ಬಂದಿತೆಂದರೆ ನಮ್ಮ ಅಮೀರ್‌ಪೇಟ್‌ನ ರಸ್ತೆಗಳಲ್ಲಿ ಕಪ್ಪು ವಸ್ತ್ರ ಉಟ್ಟು, ಕೊರಳಲ್ಲಿ ಮಾಲೆ ಧರಿಸಿ, ಬರಿಗಾಲಿನಲ್ಲಿ ನಡೆಯುವ ಅಯ್ಯಪ್ಪ ದೀಕ್ಷೆಯವರು ಎಲ್ಲೆಲ್ಲಿಯೂ ಕಾಣುತ್ತಾರೆ. ಇವರು ಕಾಡಿನಲ್ಲಿ ಕುಳಿತ ತಪಸ್ವಿಗಳಲ್ಲ. ಕಂಪ್ಯೂಟರ್ ತರಬೇತಿಗೆ ಬಂದ ಹುಡುಗರು, ಬ್ಯಾಂಕಿನ ಗುಮಾಸ್ತರು, ಆಟೋ ಓಡಿಸುವವರು. ಮೆಟ್ರೋ ರೈಲಿನ ಎರಡು ಮಾರ್ಗಗಳು ಕೂಡುವ ನಮ್ಮ ನಿಲ್ದಾಣದ ಚಲಿಸುವ ಮೆಟ್ಟಿಲುಗಳ ಮೇಲೆ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು, ಬರಿಗಾಲಿನಲ್ಲಿ ನಿಂತಿರುತ್ತಾರೆ. ನಲವತ್ತೊಂದು ದಿನಗಳ ಮಂಡಲವ್ರತ ಮುಗಿಯುವವರೆಗೆ ಕಚೇರಿಗೂ ಹಾಗೆಯೇ, ಅಂಗಡಿಗೂ ಹಾಗೆಯೇ. ಒಬ್ಬ ತರುಣನನ್ನು, "ಏನಪ್ಪಾ, ಕಷ್ಟವಾಗುವುದಿಲ್ಲವೇ?" ಎಂದು ಕೇಳಿದೆ. "ಮೊದಲ ವಾರ ಕಷ್ಟ ಸ್ವಾಮಿ. ಆಮೇಲೆ ಎಲ್ಲಿ ಕಾಲಿಡುತ್ತಿದ್ದೇನೆ ಅನ್ನುವುದು ತಾನಾಗಿ ತಿಳಿಯುತ್ತದೆ" ಎಂದ. ನಾನು ಓದಿದ ಅನೇಕ ವ್ಯಾಖ್ಯಾನಗಳಿಗಿಂತ ಈ ಉತ್ತರ ನನಗೆ ಹಿಡಿಸಿತು.

ಹಿಂದೆ ಬ್ರಹ್ಮಚಾರಿಗೆ ಇದ್ದ ನಿಯಮವೂ ಇದೇ ಜಾತಿಯದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಅಭ್ಯಂಗ, ಕಾಡಿಗೆ ಮೊದಲಾದವುಗಳ ಸಾಲಿನಲ್ಲಿಯೇ ಉಪಾನಹ ಮತ್ತು ಛತ್ರ, ಎಂದರೆ ಪಾದರಕ್ಷೆ ಮತ್ತು ಕೊಡೆ, ಬ್ರಹ್ಮಚಾರಿಗೆ ವರ್ಜ್ಯವೆಂದು ಹೇಳಿದೆ. ಚರ್ಮ ಅಶುದ್ಧವೆಂಬುದೊಂದೇ ಕಾರಣವಾಗಿದ್ದರೆ ಕೊಡೆಯನ್ನು ಬಿಡಿಸುವ ಅಗತ್ಯವಿರಲಿಲ್ಲ. ಸೌಖ್ಯವನ್ನು ಕೆಲವು ಕಾಲ ತಾನಾಗಿ ಬಿಟ್ಟಿರುವ ಅಭ್ಯಾಸವೇ ಅಲ್ಲಿಯ ಉದ್ದೇಶವೆಂದು ನನಗೆ ತೋರುತ್ತದೆ. ಗೃಹಸ್ಥನಾದ ಮೇಲೆ ಈ ನಿಯಮ ಮುಂದುವರಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಜೈನ ಮುನಿಗಳದು ಇನ್ನೂ ಕಠಿಣವಾದ ಮಾರ್ಗ. ಅವರು ಜೀವನಪರ್ಯಂತ ಪಾದರಕ್ಷೆಯನ್ನು ಮುಟ್ಟುವುದಿಲ್ಲ, ವಾಹನವನ್ನೂ ಏರುವುದಿಲ್ಲ. ಎದುರಿನ ನೆಲವನ್ನು ನೋಡಿಕೊಂಡು, ಹುಳು ಹುಪ್ಪಟೆಗಳಿಗೆ ನೋವಾಗದಂತೆ ಹೆಜ್ಜೆಯಿಡುವುದಕ್ಕೆ ಅವರಲ್ಲಿ ಈರ್ಯಾಸಮಿತಿ ಎಂಬ ಹೆಸರೇ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದವರೆಲ್ಲ ಒಂದು ಗಂಟೆಯ ಮಟ್ಟಿಗಾದರೂ ಈ ನಿಯಮದ ಬಿಸಿಯನ್ನು ಅನುಭವಿಸಿದವರೇ.

ಈಗ ಮಹಾಭಾರತದ ಒಂದು ಪ್ರಸಂಗಕ್ಕೆ ಬರುತ್ತೇನೆ. ಅನುಶಾಸನಪರ್ವದಲ್ಲಿ ಧರ್ಮರಾಜನು ಶರಶಯ್ಯೆಯಲ್ಲಿದ್ದ ಭೀಷ್ಮಾಚಾರ್ಯರನ್ನು ಪ್ರಶ್ನಿಸುತ್ತಾನೆ: ಶ್ರಾದ್ಧಾದಿ ಕರ್ಮಗಳಲ್ಲಿ ಕೊಡೆಯನ್ನೂ ಪಾದರಕ್ಷೆಯನ್ನೂ ದಾನ ಮಾಡುತ್ತಾರಲ್ಲ, ಇದನ್ನು ಆರಂಭಿಸಿದವರು ಯಾರು? ಉತ್ತರವಾಗಿ ಭೀಷ್ಮರು ಜಮದಗ್ನಿಯ ಕಥೆಯನ್ನು ಹೇಳುತ್ತಾರೆ. ಜ್ಯೇಷ್ಠ ಮಾಸದ ಬಿಸಿಲು. ಮಹರ್ಷಿಯು ವಿನೋದಕ್ಕಾಗಿ ಬಾಣಗಳನ್ನು ಬಿಡುತ್ತಿದ್ದಾನೆ. ಪತ್ನಿ ರೇಣುಕೆ ಓಡಿ ಓಡಿ ಅವುಗಳನ್ನು ಆಯ್ದು ತರುತ್ತಿದ್ದಾಳೆ. ನಡುಹಗಲಾಯಿತು. ತಲೆಯೂ ಅಂಗಾಲೂ ಸುಡುತ್ತಿದ್ದುದರಿಂದ ಆಕೆ ಒಂದು ಕ್ಷಣ ಮರದ ನೆರಳಿನಲ್ಲಿ ನಿಂತಳು. ತಡವಾಯಿತೆಂದು ಹೆದರಿಕೊಂಡೇ ಬಂದಳು. ಏಕೆ ತಡವೆಂದು ಪತಿ ಗದರಿದಾಗ ಇದ್ದದ್ದನ್ನು ಹೇಳಿದಳು. ಕೋಪವೆಲ್ಲ ಸೂರ್ಯನ ಮೇಲೆ ತಿರುಗಿತು. ಮಹರ್ಷಿ ಬಿಲ್ಲಿಗೆ ಬಾಣ ಹೂಡಿದ. ಸೂರ್ಯನು ಬ್ರಾಹ್ಮಣವೇಷದಿಂದ ಬಂದು, "ಸದಾ ಚಲಿಸುವ ಸೂರ್ಯನನ್ನು ಹೇಗೆ ಹೊಡೆಯುವೆ?" ಎಂದು ಕೇಳಿದರೆ, "ಮಧ್ಯಾಹ್ನದಲ್ಲಿ ನೀನು ಅರ್ಧ ನಿಮಿಷ ನಿಲ್ಲುತ್ತೀಯೆ, ಆಗ ಹೊಡೆಯುತ್ತೇನೆ" ಎಂದು ಜಮದಗ್ನಿಯ ಮರುಮಾತು. ಕಡೆಗೆ ಸೂರ್ಯನು ಶರಣಾಗತನಾಗಿ ತಲೆಗೆ ಕೊಡೆಯನ್ನೂ ಕಾಲಿಗೆ ಪಾದರಕ್ಷೆಯನ್ನೂ ಕೊಟ್ಟನು. ಅಂಗಾಲು ಸುಟ್ಟವನಿಗೆ ಪಾದರಕ್ಷೆ ಕೊಟ್ಟವನು ಉತ್ತಮ ಲೋಕಗಳನ್ನು ಪಡೆಯುತ್ತಾನೆ ಎಂಬ ಫಲಶ್ರುತಿಯೂ ಇದೆ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ಸಂಗತಿ. ಬಿಸಿಲು ಮಹರ್ಷಿಗೂ ಇತ್ತು, ರೇಣುಕೆಗೂ ಇತ್ತು. ನಿಂತು ಬಾಣ ಬಿಟ್ಟವನಿಗೆ ಕಾಲು ಸುಟ್ಟದ್ದು ತಿಳಿಯಲಿಲ್ಲ, ಓಡಿದವಳಿಗೆ ತಿಳಿಯಿತು. ಆಕೆ ಬರಿಗಾಲಿನ ವ್ರತವನ್ನೇನೂ ಹಿಡಿದಿರಲಿಲ್ಲ. ಪಾದರಕ್ಷೆಯೆಂಬ ವಸ್ತುವೇ ಲೋಕಕ್ಕೆ ಬಂದದ್ದು ಇನ್ನೊಬ್ಬರ ಕಾಲು ಸುಡುತ್ತಿದೆ ಎಂಬ ಅರಿವಿನಿಂದ ಎಂದು ನಮ್ಮ ಇತಿಹಾಸಗ್ರಂಥವೇ ಹೇಳುತ್ತಿದೆ.

ಆ ರೇಣುಕೆಯನ್ನೇ ಸವದತ್ತಿಯಲ್ಲಿ ಎಲ್ಲಮ್ಮ ಎನ್ನುತ್ತಾರೆ. ನಮಗೆ ಸಮೀಪದಲ್ಲಿಯೇ ಇರುವ ಬಲ್ಕಂಪೇಟ್ ಗುಡಿಯ ದೇವಿಯೂ ಎಲ್ಲಮ್ಮನೇ. ಆಷಾಢದಲ್ಲಿ ಆಕೆಯ ಕಲ್ಯಾಣೋತ್ಸವಕ್ಕೆ, ಬೋನಾಲಿಗೆ, ಸಾವಿರಾರು ಹೆಣ್ಣುಮಕ್ಕಳು ತಲೆಯ ಮೇಲೆ ಅರಿಸಿನ ಕುಂಕುಮ ಹಚ್ಚಿದ ಬೋನದ ಗಡಿಗೆ ಹೊತ್ತು ಬರಿಗಾಲಿನಲ್ಲಿ ಬರುತ್ತಾರೆ. ಯಾರ ಕಾಲು ಸುಟ್ಟಿತೆಂದು ಪಾದರಕ್ಷೆ ಹುಟ್ಟಿತೋ ಆ ತಾಯಿಯ ಮುಂದೆ ಪಾದರಕ್ಷೆ ಕಳಚಿ ನಡೆಯುತ್ತಾರೆ. ಇದು ವಿರೋಧಾಭಾಸವೆಂದು ತೋರಬಹುದು, ಆದರೆ ಅಲ್ಲ. ತಮಗಾಗಿ ತಾವು ಕಳಚಿದ್ದಾರೆ, ಅಷ್ಟೇ.

ವ್ರತದಿಂದಲ್ಲದೆ ದುಃಖದಿಂದ ಪಾದರಕ್ಷೆ ಬಿಟ್ಟವರೂ ಉಂಟು. ಚಿತ್ರಕಾರ ಎಂ. ಎಫ್. ಹುಸೇನರು 1964ರಲ್ಲಿ ಹಿಂದೀ ಕವಿ ಮುಕ್ತಿಬೋಧರು ತೀರಿಕೊಂಡ ಮೇಲೆ ಪಾದರಕ್ಷೆಯನ್ನು ತ್ಯಜಿಸಿದರೆಂದು ಪ್ರಸಿದ್ಧಿ. 2011ರಲ್ಲಿ ನಿಧನರಾಗುವ ತನಕ ಅವರ ಗುರುತೇ ಬರಿಗಾಲು. ಅವರ ಕೆಲವು ಚಿತ್ರಗಳ ವಿಷಯದಲ್ಲಿ ನಮ್ಮಲ್ಲಿ ಅನೇಕರಿಗಿರುವ ಅಸಮಾಧಾನ ಬೇರೆಯ ಮಾತು, ಅದನ್ನು ಇಲ್ಲಿ ಎತ್ತುವುದಿಲ್ಲ.

ಇವರೆಲ್ಲರಿಗಿಂತ ಬೇರೆಯಾದವರು ತುಳಸಿ ಗೌಡರು. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು, ಹಾಲಕ್ಕಿ ಒಕ್ಕಲಿಗರು. ಅರಣ್ಯ ಇಲಾಖೆಯ ಸಸಿತೋಟದಲ್ಲಿ ಮೊದಲು ದಿನಗೂಲಿಯಾಗಿ, ಅನಂತರ ಕಾಯಂ ಆಗಿ ದುಡಿದು, ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದನ್ನು ಶಾಲೆಗೆ ಹೋಗದೆಯೇ ಕರಗತ ಮಾಡಿಕೊಂಡವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಹಾಸುಗಂಬಳಿಯ ಮೇಲೆ ತಮ್ಮ ಜನಾಂಗದ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದಾಗ ಆ ಭಾವಚಿತ್ರವನ್ನು ದೇಶವೇ ನೋಡಿತು. ಕೆಲವರು ಅದನ್ನು ಬಡತನದ ಚಿತ್ರವೆಂದು ಮರುಗಿದರು, ಕೆಲವರು ಸರಳತೆಯ ಪ್ರದರ್ಶನವೆಂದು ಹೊಗಳಿದರು. ನನಗೆ ಎರಡೂ ಸರಿಯೆನಿಸಲಿಲ್ಲ. ಎಪ್ಪತ್ತು ವರ್ಷ ಮಣ್ಣಿನಲ್ಲಿ ನಡೆದ ಕಾಲು ಅರಮನೆಗೆ ಬಂದರೂ ತನ್ನ ಅಭ್ಯಾಸವನ್ನು ಬದಲಿಸಲಿಲ್ಲ. ಅದು ವ್ರತವಲ್ಲ, ಸಂದೇಶವೂ ಅಲ್ಲ. 2024ರ ಡಿಸೆಂಬರಿನಲ್ಲಿ ಆ ತಾಯಿ ಕಾಲವಾದರು.

ಇನ್ನು ದೇಹದ ದೃಷ್ಟಿಯಿಂದ ನೋಡೋಣ. ನಮ್ಮ ಉಡುಪಿಗೆ ಹೊಂದಿಕೊಂಡಿರುವ ಮಣಿಪಾಲದಲ್ಲಿಯೇ ಈ ವಿಷಯದ ಒಂದು ಪ್ರಸಿದ್ಧ ಸಂಶೋಧನೆ ನಡೆದಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅಲ್ಲಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ವೈದ್ಯರು ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಯ ಅಚ್ಚುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಮಂದಿಗೆ ಅಂಗಾಲಿನ ಕಮಾನು ಏಳದ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ ಅದು 2.8 ಮಾತ್ರ. ಬೆರಳು ಮುಚ್ಚುವ ಬೂಟಿನವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಮೂರು ವರ್ಷದ ಮಗುವಿಗೆ ದಿನವಿಡೀ ಬೂಟು ತೊಡಿಸಿ ಶಾಲೆಗೆ ಕಳಿಸುವ ನಮ್ಮ ನಗರದ ತಾಯಂದಿರು ಈ ಅಂಕಿಯನ್ನು ಒಮ್ಮೆ ನೆನೆಯಬೇಕು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಬರಿಗಾಲಿನಿಂದ ಅಂಗಾಲಿನಲ್ಲಿ ಬೆಳೆಯುವ ಜಡ್ಡು ಕಾಲನ್ನು ಕಾಪಾಡುತ್ತದೆ, ಆದರೆ ನೆಲದ ಸ್ಪರ್ಶಜ್ಞಾನವನ್ನು ಕುಂದಿಸುವುದಿಲ್ಲ. ಅಯ್ಯಪ್ಪ ದೀಕ್ಷೆಯ ಆ ಹುಡುಗ ಹೇಳಿದ್ದಕ್ಕೆ ಇದು ದೂರವಾದದ್ದಲ್ಲ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅಪಾಯ. ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದೇ ದೇಹವನ್ನು ಸೇರುತ್ತದೆ. ಗಾಜು, ಮೊಳೆಗಳ ಮಾತು ಬಿಡಿ, ನಮ್ಮ ರಸ್ತೆಗಳು ತಮಗೇ ಗೊತ್ತಿವೆ. ಎಲ್ಲಕ್ಕಿಂತ ದೊಡ್ಡದು ಮಧುಮೇಹ. ಸಕ್ಕರೆ ಕಾಯಿಲೆ ಹಳೆಯದಾದಂತೆ ಅಂಗಾಲಿನ ನರಗಳು ಜೋಮುಗಟ್ಟುತ್ತವೆ. ಮುಳ್ಳು ಚುಚ್ಚಿದರೂ ತಿಳಿಯದು, ಕಲ್ಲು ಸುಟ್ಟರೂ ತಿಳಿಯದು, ಬೊಬ್ಬೆ ಎದ್ದ ಮೇಲೆ ತಿಳಿಯುತ್ತದೆ. ಆ ಹುಣ್ಣು ಮಾಯದೆ ಕಡೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರುವುದುಂಟು. ಅದಕ್ಕಾಗಿಯೇ ವೈದ್ಯರು ಇಂಥವರಿಗೆ ಮನೆಯೊಳಗೂ ಬರಿಗಾಲು ಬೇಡವೆನ್ನುತ್ತಾರೆ. ಹೊಸ ವ್ರತಧಾರಿಗೆ ಕಾಲು ಸುಡುವುದು ತಿಳಿಯುತ್ತದೆ, ಅದೇ ಅವನ ರಕ್ಷೆ. ಈ ಹಿರಿಯರಿಗೆ ಆ ರಕ್ಷೆ ಇಲ್ಲ. ಹೈದರಾಬಾದಿನ ಮೇ ತಿಂಗಳ ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಪ್ರಾಕಾರದ ಕಲ್ಲಿನ ಮೇಲೆ ಪ್ರದಕ್ಷಿಣೆ ಮಾಡುವ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಮಧುಮೇಹಿಗಳೆಂದು ನಾನು ಎಣಿಸಬೇಕಾಗಿಲ್ಲ. "ರಾಯರು ನೋಡಿಕೊಳ್ಳುತ್ತಾರೆ" ಎನ್ನುವ ಅವರ ಶ್ರದ್ಧೆ ದೊಡ್ಡದು. ರಾಯರು ನೋಡಿಕೊಳ್ಳುತ್ತಾರೆ, ನಾವೂ ಸ್ವಲ್ಪ ನೋಡಿಕೊಂಡರೆ ತಪ್ಪಿಲ್ಲ.

ಕೊನೆಯದಾಗಿ, ಹೇಳಲು ಸಂಕೋಚವಾದರೂ ಹೇಳದೆ ಬಿಡಬಾರದ ಒಂದು ಮಾತು. ಬರಿಗಾಲನ್ನು ಆರಿಸಿಕೊಂಡವರ ವಿಷಯ ಇಷ್ಟು ಹೊತ್ತು ಆಡಿದೆ. ಆರಿಸಿಕೊಳ್ಳುವ ಅಧಿಕಾರವೇ ಇಲ್ಲದವರೂ ಇದ್ದರು. ಮೇಲು ಜಾತಿಯವರ ಬೀದಿ ಬಂದಿತೆಂದರೆ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾದ ಜನ ನಮ್ಮ ಊರುಗಳಲ್ಲಿಯೇ ಇದ್ದರು. ಆ ಬೀದಿಗಳಲ್ಲಿ ಅಗ್ರಹಾರಗಳೂ ಇದ್ದುವು. ಊರಿಗೆಲ್ಲ ಮೆಟ್ಟು ಹೊಲಿದು ಕೊಟ್ಟವರೇ ಅವರು. ಅವರ ಬರಿಗಾಲನ್ನು ವಿನಯವೆಂದೂ ಸಂಪ್ರದಾಯವೆಂದೂ ಕರೆದದ್ದು ನ್ಯಾಯವಲ್ಲ. ಮತಭೇದವನ್ನು ಬದಿಗಿಟ್ಟು ಶರಣ ಹರಳಯ್ಯನ ಕಥೆಯನ್ನು ನೆನೆಯೋಣ. ಬಸವಣ್ಣನವರು ತನಗೆ ಎರಡು ಬಾರಿ ಶರಣೆಂದರೆಂಬ ಋಣಭಾರಕ್ಕೆ ಆತನೂ ಆತನ ಪತ್ನಿಯೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪ್ರತೀತಿ. ಕಾಲಿನ ವಸ್ತು ತಲೆಗೇರಿದ ಆ ಕಥೆಯನ್ನು ಕನ್ನಡದ ಮಕ್ಕಳೆಲ್ಲ ಕೇಳಿದ್ದಾರೆ, ಹೊಲಿದವನ ಕಾಲಿನಲ್ಲಿ ಏನಿತ್ತೆಂದು ಮಾತ್ರ ಯಾರೂ ಕೇಳುವುದಿಲ್ಲ.

ವ್ಯವಸ್ಥಾಪಕರಲ್ಲಿ ಎರಡು ವಿಜ್ಞಾಪನೆಗಳು. ತಿರುಮಲದ ಮಾಡಬೀದಿಗಳಲ್ಲಿ ಬೇಸಿಗೆಯಲ್ಲಿ ಬಿಳಿಯ ತಂಪು ಬಣ್ಣ ಬಳಿದು ನೀರು ಹಾಕುವುದನ್ನು ತಾವು ಕಂಡಿರುತ್ತೀರಿ. ನಮ್ಮ ಪ್ರಾಕಾರ ಅಷ್ಟು ದೊಡ್ಡದಲ್ಲ. ಯುಗಾದಿಯಿಂದ ಮಳೆಗಾಲದವರೆಗೆ ಪ್ರದಕ್ಷಿಣೆಯ ದಾರಿಗೆ ತೆಂಗಿನ ನಾರಿನ ಹಾಸು ಹಾಸಿದರೆ ಸಾಕು. ಬಾಗಿಲ ಬಳಿ ಒಗೆದ ದಪ್ಪ ಹತ್ತಿಯ ಕಾಲುಚೀಲಗಳ ಒಂದು ಬುಟ್ಟಿ ಇಡಬೇಕು. ಮಧುಮೇಹಿಗಳು ಅವನ್ನು ತೊಟ್ಟು ಒಳಗೆ ಬಂದರೆ ಯಾರೂ ತಡೆಯಬಾರದು. ಕಾಲುಚೀಲದಲ್ಲಿ ಚರ್ಮವೇನೂ ಇಲ್ಲವಷ್ಟೆ.

ಎರಡನೆಯದು ವೈಶಾಖದ ದಾನ. ಕೊಡೆ, ಬೀಸಣಿಗೆಗಳೊಡನೆ ನಾವು ಪಾದರಕ್ಷೆಯನ್ನೂ ಕೊಡುತ್ತೇವೆ. ಅದು ಸಾಮಾನ್ಯವಾಗಿ ಅಂಗಡಿಯವನು ಕಟ್ಟಿಕೊಟ್ಟ, ಯಾರ ಕಾಲಿಗೂ ಹೊಂದದ ಅಳತೆಯದು. ಬೇಡದ ಮನೆಗೆ ಹೋಗಿ ಅಟ್ಟ ಸೇರುತ್ತದೆ. ಈ ವರ್ಷ ಮಠದ ಎದುರಿನ ರಸ್ತೆ ಗುಡಿಸುವವರು, ಹೂವು ಮಾರುವವರು, ಕಟ್ಟಡದ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದವರು, ಇವರನ್ನು ಮೊದಲೇ ಕೇಳಿ, ಹಾಳೆಯ ಮೇಲೆ ಕಾಲಿಡಿಸಿ ಅಳತೆ ತೆಗೆದುಕೊಂಡು ಕೊಳ್ಳೋಣ. ಅಳತೆ ತೆಗೆಯುವ ಕೆಲಸಕ್ಕೆ ನಾನೂ ಬರುತ್ತೇನೆ. ತರುಣರು ನಾಲ್ಕಾರು ಜನ ಜೊತೆಗೂಡಿದರೆ ಎರಡು ಬೆಳಗ್ಗೆಗಳಲ್ಲಿ ಮುಗಿಯುತ್ತದೆ.