ನಮ್ಮ ತಾಲ್ಲೂಕಿನೊಳಗ ಎಷ್ಟು ಖರ್ಚಾತು?



ಸ್ವಾಗತ ಭಾಷಣದಲ್ಲಿ ನನ್ನ ಬಗ್ಗೆ ಆಡಿದ ಮಾತುಗಳು ಬಿಲ್ಲಿನ ರೂಪದಲ್ಲಿ ಖಜಾನೆಯ ಕೌಂಟರಿಗೆ ಬಂದಿದ್ದರೆ, ‘ಪೂರಕ ದಾಖಲೆ ಲಗತ್ತಿಸಿಲ್ಲ’ ಎಂದು ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಿದ್ದೆ. ಸರ್ಕಾರಿ ಲೆಕ್ಕಪತ್ರದಲ್ಲೇ ಕೂದಲು ಬೆಳ್ಳಗಾದವನಿಗೆ ಹೊಗಳಿಕೆಗೂ ವೋಚರ್ ಕೇಳುವ ಚಾಳಿ. ಆದರೂ ಸಂಕಿರಣದ ಸಂಚಾಲಕರ ಪ್ರೀತಿಗೆ ಋಣಿ.

ರಾಜ್ಯದ ಖರ್ಚುವೆಚ್ಚವನ್ನು ತೆರಿಗೆ ಕೊಡುವವರ ಮುಂದೆ ಅಂತರ್ಜಾಲದಲ್ಲಿ ಇಡುವುದು ಈ ಸಂಕಿರಣದ ವಿಷಯ. ಕಿತ್ತೂರು, ಮಲಪ್ರಭೆಯ ಈ ಸೀಮೆಗೆ ಅದು ಹೊಸ ಜಗಳವಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕಿತ್ತೂರಿನ ಖಜಾನೆಗೆ ಮೊಹರು ಹಾಕಿ ಕಾವಲು ನಿಲ್ಲಿಸಿದ್ದು. ಅಕ್ಟೋಬರ್ 23ರ ಕಿತ್ತೂರು ಕಾಳಗದಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತಲ್ಲ, ಅದರ ಬೇರೂ ಲೆಕ್ಕದಲ್ಲೇ ಇತ್ತು. ನೀರು ಹೊಲಕ್ಕೆ ಬಂದಿಲ್ಲ, ಅಭಿವೃದ್ಧಿ ಕರ ಮಾತ್ರ ಮನೆಗೆ ಬಂದಿದೆ ಎಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ತಕರಾರು ತೆಗೆದಿದ್ದರು. ಕಾಲುವೆಗೆ ಸುರಿದ ದುಡ್ಡಿನಲ್ಲಿ ನನ್ನ ಎಕರೆಗೆ ಎಷ್ಟು ತಲುಪಿತು ಎಂಬ ಪ್ರಶ್ನೆ ಅದು. ಅದಕ್ಕೆ ಅಂದು ಉತ್ತರ ಇರಲಿಲ್ಲ, ಇಂದೂ ಇಲ್ಲ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. ಟೆಂಡರುಗಳ ಪಾರದರ್ಶಕತೆಗೆ 1999ರಲ್ಲೇ ಕಾಯ್ದೆ ಮಾಡಿತು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ 2005ರದ್ದು, ನಮ್ಮದೇ ಕಾಯ್ದೆ 2000ದ್ದು. ಖಜಾನೆಗಳನ್ನು ಕಂಪ್ಯೂಟರಿಗೆ ಜೋಡಿಸುವುದರಲ್ಲೂ ಮುಂದಿದ್ದೆವು. ಸಾರ್ವಜನಿಕ ಸೇವೆಗೆ ನಾಗರಿಕರೇ ಅಂಕ ಕೊಡುವ, ಸ್ಯಾಮ್ಯುಯೆಲ್ ಪಾಲ್ ಅವರ ರಿಪೋರ್ಟ್ ಕಾರ್ಡ್‌ಗಳ ಬಗ್ಗೆ, ಬೆಂಗಳೂರು ಪಾಲಿಕೆಯ ಲೆಕ್ಕ ಸುಧಾರಣೆಯ ಬಗ್ಗೆ ಮುಂದಿನ ಸಾಲಿನಲ್ಲಿ ಕೂತಿರುವ ಅರ್ಥಶಾಸ್ತ್ರದ ಮೇಡಂ ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರ ಗೋಷ್ಠಿಗೆ ಕಾಯೋಣ. ವಿಕೇಂದ್ರೀಕರಣ ಮತ್ತು ಅದನ್ನು ರಾಜ್ಯದಲ್ಲಿ ಮುನ್ನಡೆಸಿದ ಸಚಿವ ನಜೀರ್ ಸಾಬ್ ಕುರಿತು ಓದಬೇಕಾದದ್ದನ್ನೆಲ್ಲ ಓದಿಕೊಂಡ ಹಿರಿಯರು ಆ ಕಿಟಕಿಯ ಪಕ್ಕ ಇದ್ದಾರೆ. ನನ್ನ ಮಾತಿನಲ್ಲಿ ತಪ್ಪಿದ್ದರೆ ಊಟದ ಹೊತ್ತಿಗೆ ಕಿವಿ ಹಿಂಡಲಿ.

ನನ್ನ ತಕರಾರು ಒಂದೇ. ಅಧಿಕಾರಿಗೆ ಬೇಕಾದ ಕ್ರಮದಲ್ಲಿ ಜೋಡಿಸಿದ ಲೆಕ್ಕವನ್ನೇ ಎತ್ತಿ ಜನರ ಮುಂದಿಟ್ಟು, ಪಾರದರ್ಶಕತೆ ಮುಗಿಯಿತು ಎಂದು ಕೈ ತೊಳೆದುಕೊಂಡೆವು. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ್ದು. ಅದರ ಸಂಪುಟಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲತಾಣದಲ್ಲಿವೆ. ತೆರೆದರೆ ಕಾಣುವುದೇನು? ಲೆಕ್ಕ ಶೀರ್ಷಿಕೆಯ ಸಂಖ್ಯೆಗಳು. ರಸ್ತೆ, ಸೇತುವೆಯ ಬಂಡವಾಳ ವೆಚ್ಚ 5054. ಸಾಮಾನ್ಯ ಶಿಕ್ಷಣ 2202. ನೈಸರ್ಗಿಕ ವಿಕೋಪದ ಪರಿಹಾರ 2245. ಪ್ರಧಾನ ಶೀರ್ಷಿಕೆಯ ಕೆಳಗೆ ಉಪ ಪ್ರಧಾನ, ಅದರ ಕೆಳಗೆ ಕಿರು ಶೀರ್ಷಿಕೆ, ಹೀಗೆ ಆರು ಹಂತ. ಮಹಾಲೇಖಪಾಲರಿಗೆ ಇದು ಬೇಕೇ ಬೇಕು, ನನಗೂ ಬಾಯಿಪಾಠ. ಆರೂ ಹಂತ ಇಳಿದು ನೋಡಿದರೂ ಬೈಲಹೊಂಗಲ ಸಿಗುವುದಿಲ್ಲ. ಬಿಲ್ಲು ಯಾವ ಅಧಿಕಾರಿಯ ರುಜುವಿನಲ್ಲಿ ಡ್ರಾ ಆಯಿತೋ ಅವರ ಕಚೇರಿ ಖಜಾನೆಗೆ ಗೊತ್ತು. ರಾಮದುರ್ಗದ ಕೆಲಸದ ಬಿಲ್ಲು ಬೆಳಗಾವಿಯ ಕಚೇರಿಯಲ್ಲಿ ಡ್ರಾ ಆದರೆ ಅದು ಬೆಳಗಾವಿಯ ಖರ್ಚು. ನಿಗಮಗಳಿಗೆ ಹೋದ ದುಡ್ಡಿನ ಜಾಡು ನಿಗಮದ ಬಾಗಿಲವರೆಗೆ ಮಾತ್ರ.

ಲಿಂಕ್ ಡಾಕ್ಯುಮೆಂಟ್ ಇದೆಯಲ್ಲ ಎಂದು ಬಲ್ಲವರು ಎದ್ದು ಕೇಳಬಹುದು. ಇದೆ. ಜಿಲ್ಲಾ ವಲಯದ ಅನುದಾನ ಯಾವ ತಾಲ್ಲೂಕು ಪಂಚಾಯಿತಿಗೆ ಎಷ್ಟು ಎಂದು ಅದು ಹೇಳುತ್ತದೆ. ಆದರೆ ಅದು ಹಂಚಿಕೆಯ ಪುಸ್ತಕ, ಖರ್ಚಿನದ್ದಲ್ಲ. ಮೇಲಾಗಿ ದೊಡ್ಡ ರಸ್ತೆ, ದೊಡ್ಡ ನೀರಾವರಿ, ವಿದ್ಯುತ್ತು ಅದರೊಳಗೆ ಬರುವುದೇ ಇಲ್ಲ.

ಒಮ್ಮೆ ಈ ಭಾಗದ ಒಂದು ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಹೋಗಿ ಕೂತಿದ್ದೆ. ಹೊರಗಿನವರಿಗಾಗಿ ಹೇಳುತ್ತೇನೆ: ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರಿನಲ್ಲಿ ಹಿಂದಿನ ವರ್ಷದ ಪಂಚಾಯಿತಿ ಲೆಕ್ಕವನ್ನು ಊರವರ ಮುಂದೆ ಓದಿ, ವೋಚರು, ಕಾಮಗಾರಿ ತೋರಿಸಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಓದಿ ಮುಗಿಸಿದರು. ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು.

“ಸಾಹೇಬ್ರ, ಪಂಚಾಯ್ತಿ ಲೆಕ್ಕಾ ಓದಿದ್ರಿ, ಛಲೋ ಆತು. ಊರ ಮುಂದಿನ ರಸ್ತಾ ಪಿಡಬ್ಲ್ಯೂಡಿದು, ಕಾಲುವಿ ನಿಗಮದ್ದು, ಸಾಲಿ ಖೋಲಿ ಮತ್ಯಾರ್ದೋ. ಅವರ ಲೆಕ್ಕಾ ಯಾರ್ ಓದೂದು?”

“ಅದು ನಮ್ಮ ವ್ಯಾಪ್ತಿಗೆ ಬರಂಗಿಲ್ಲವಾ ತಂಗಿ,” ಎಂದರು ತಾಲ್ಲೂಕಿನಿಂದ ಬಂದಿದ್ದ ನೋಡಲ್ ಅಧಿಕಾರಿ.

“ಹಂಗಾರ ಊರು ಯಾರ ವ್ಯಾಪ್ತಿಗೆ ಬರತೈತ್ರಿ?”

ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಊರ ಹೆಸರಿನಲ್ಲಿ ಲೆಕ್ಕ ಇಡುವುದು ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ. ಉದ್ಯೋಗ ಖಾತ್ರಿಯಲ್ಲಿ ಇಟ್ಟು ತೋರಿಸಿದೆ. ಸವದತ್ತಿಯ ಕೂಲಿ ಹೆಣ್ಣುಮಗಳೊಬ್ಬಳು ಯಾವ ವಾರ ಎಷ್ಟು ದಿನ ಮಣ್ಣು ಹೊತ್ತಳು, ಎಷ್ಟು ಜಮೆಯಾಯಿತು, ಹಾಜರಿ ಪಟ್ಟಿಯ (ಎನ್‌ಎಂಆರ್) ಸಂಖ್ಯೆ ಏನು, ಎಲ್ಲವೂ ಜಾಲತಾಣದಲ್ಲಿದೆ. ಕಾಮಗಾರಿಯ ಮೊದಲು, ನಡುವೆ, ಆಮೇಲೆ ಜಿಪಿಎಸ್ ಸಮೇತ ಫೋಟೊ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿಗಳಲ್ಲಿ ಮನೆ ಬಿದ್ದಾಗ ಪೂರ್ತಿ ಹೋದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಅದನ್ನು ಕಂತಿನಲ್ಲಿ ಕೊಟ್ಟರು. ತಳಪಾಯಕ್ಕೊಂದು ಫೋಟೊ, ಗೋಡೆಗೊಂದು, ಚಾವಣಿಗೊಂದು. ಫೋಟೊ ಏರದಿದ್ದರೆ ಕಂತು ಇಳಿಯದು. ಬೇಡ ಎನ್ನುವುದಿಲ್ಲ. ಅದೇ ಪ್ರವಾಹದಲ್ಲಿ ಕೊಚ್ಚಿಹೋದ ರಸ್ತೆಯನ್ನು ಮತ್ತೆ ಕಟ್ಟಿದವರ ಅಂತಿಮ ಬಿಲ್ಲು, ಅಳತೆ ಪುಸ್ತಕದ ಪುಟ, ಎಸ್ಟಿಮೇಟು ಪರಿಷ್ಕರಣೆಯಾದ ಆದೇಶ, ಇವು ಆ ಊರಿನವನಿಗೆ ಹಾಗೆಯೇ ಮೊಬೈಲಿನಲ್ಲಿ ಸಿಗುತ್ತವೆಯೇ? ಟೆಂಡರ್ ಮೊತ್ತದವರೆಗೆ ಸಿಕ್ಕೀತು. ಆಮೇಲಿನದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬರೆಯಬೇಕು. ಬಡವರ ಲೆಕ್ಕ ಪೈಸೆ ಸಮೇತ ಬಯಲಿನಲ್ಲಿದೆ, ಗುತ್ತಿಗೆದಾರರ ಲೆಕ್ಕ ಕಡತದಲ್ಲಿದೆ. ಪಾರದರ್ಶಕತೆಯ ಕೆಲಸ ದಾರಿ ತಪ್ಪಿದ್ದು ಇಲ್ಲಿ.

ಇನ್ನೊಂದು ಮಾತು, ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರದ್ದು. ಯಾವ ಊರಿನ ಖಜಾನೆ ಎಂದು ಹೇಳುವುದಿಲ್ಲ. ರಾತ್ರಿ ಹತ್ತರ ಮೇಲೆ ಟ್ಯಾಗು ಕಟ್ಟಿದ ಬಿಲ್ಲಿನ ಕಟ್ಟುಗಳು ಮೇಜು ತುಂಬಿ ನೆಲಕ್ಕೆ ಇಳಿದಿದ್ದವು. ಅದರಲ್ಲೊಂದು, ಇನ್ನೂ ಗುದ್ದಲಿ ಬೀಳದ ಕಟ್ಟಡದ್ದು. ಹಣ ಇಲಾಖೆಯ ಕೈಯಿಂದ ಕಟ್ಟುವ ಏಜೆನ್ಸಿಯ ಖಾತೆಗೆ ಮುಂಗಡವಾಗಿ ಹೋಯಿತು. ಬೆಳಗಾದರೆ ಪ್ರಗತಿ ವರದಿಯಲ್ಲಿ ನೂರಕ್ಕೆ ನೂರು ವೆಚ್ಚ! ನಿಯಮದ ಪ್ರಕಾರ ಬಿಲ್ಲು ಸರಿಯಾಗಿಯೇ ಇತ್ತು. ಅಂತಹ ಅಂಕಿಯನ್ನು ಎಷ್ಟು ಚಂದದ ನಕ್ಷೆಯಲ್ಲಿ ಜಾಲತಾಣಕ್ಕೆ ಹಾಕಿದರೂ ಪ್ರಯೋಜನವೇನು?

ಊರ ಹೆಸರಿನ ಲೆಕ್ಕಕ್ಕೆ ಮರಳೋಣ. ಅಮೆರಿಕದಲ್ಲಿ 2006ರಲ್ಲಿ ಫೆಡರಲ್ ಅನುದಾನ, ಗುತ್ತಿಗೆಗಳನ್ನು ಅಂತರ್ಜಾಲದಲ್ಲಿ ಹಾಕಲು ಕಾನೂನು ಮಾಡಿದಾಗ, ದುಡ್ಡು ಯಾರಿಗೆ ಹೋಯಿತು ಎಂಬುದರ ಜೊತೆಗೆ ಕೆಲಸ ಯಾವ ಸ್ಥಳದಲ್ಲಿ ನಡೆಯಿತು ಎಂಬ ಕಲಮನ್ನೂ ಕಡ್ಡಾಯ ಮಾಡಿದರು. ಅಲ್ಲಿಯೂ ಮಾಹಿತಿ ತುಂಬುವವರ ಸೋಮಾರಿತನ ನೀಗಿಲ್ಲ ಬಿಡಿ. ಆದರೆ ಕಲಮು ಇದೆ. ನಮ್ಮಲ್ಲಿ ಪ್ರತಿ ಹಳ್ಳಿಗೂ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಕೊಟ್ಟ ಕೋಡ್ ಇದೆ. ಬಿಲ್ಲಿನ ಮೇಲೆ ಅದನ್ನು ಬರೆಯಲು ಗುಮಾಸ್ತನಿಗೆ ಅರ್ಧ ನಿಮಿಷ ಸಾಕು.

ಆದರೂ ನನ್ನನ್ನು ಬಹುಕಾಲದಿಂದ ಕಾಡುವ ಪ್ರಶ್ನೆ ಬಗೆಹರಿಯುವುದಿಲ್ಲ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟು ಇರುವುದು ಸವದತ್ತಿ ತಾಲ್ಲೂಕಿನಲ್ಲಿ. ಅದರ ನೀರು ನರಗುಂದ, ನವಲಗುಂದಗಳಿಗೆ ಹರಿಯುತ್ತದೆ, ಹುಬ್ಬಳ್ಳಿ-ಧಾರವಾಡದವರು ಕುಡಿಯುತ್ತಾರೆ. ಗೇಟು ದುರಸ್ತಿಗೆ ಹಾಕಿದ ದುಡ್ಡು ಯಾರ ತಾಲ್ಲೂಕಿನ ಖರ್ಚು? ಯಲ್ಲಮ್ಮನಗುಡ್ಡದ ರಸ್ತೆಯಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಓಡಾಡುವ ಬಂಡಿಗಳಲ್ಲಿ ಮಹಾರಾಷ್ಟ್ರದವು ಎಷ್ಟಿಲ್ಲ! ಆ ಡಾಂಬರು ಸವದತ್ತಿಯವರ ಪಾಲಿಗೆ ಬಂದದ್ದೆಂದು ಬರೆದುಕೊಳ್ಳೋಣವೇ? ಕೆಲಸ ನಡೆದ ಜಾಗಕ್ಕೆ ಬರೆಯಿರಿ ಎನ್ನುವವರೂ ಇದ್ದಾರೆ, ಲಾಭ ಪಡೆದ ಜಾಗಕ್ಕೆ ಬರೆಯಿರಿ ಎನ್ನುವವರೂ ಇದ್ದಾರೆ. ಎರಡೂ ಕಡೆ ಬರೆಯಬೇಕು ಎಂದು ನನ್ನ ಒಲವು, ಹೇಗೆ ಎಂಬುದು ಗೊತ್ತಿಲ್ಲ. ಸಂಶೋಧನಾ ವಿದ್ಯಾರ್ಥಿಗಳು ಪಾರದರ್ಶಕತೆಯ ಪರಿಕಲ್ಪನೆಯ ಮೇಲೆ ಮತ್ತೊಂದು ಪ್ರಬಂಧ ಬರೆಯುವ ಬದಲು ಈ ಗಂಟು ಬಿಚ್ಚಲಿ.

ಸಂಚಾಲಕರು ಗಡಿಯಾರ ನೋಡುತ್ತಿದ್ದಾರೆ. ಸಮಾರೋಪದಲ್ಲಿ ಠರಾವು ಮಾಡುವುದಾದರೆ ಎರಡೇ ಬೇಡಿಕೆ ಇರಲಿ. ಪ್ರತಿ ಕಾಮಗಾರಿ ಬಿಲ್ಲಿನ ಮೇಲೆ ಹಳ್ಳಿಯ ಕೋಡ್ ಬರಲಿ, ಅದು ಜನರಿಗೆ ಕಾಣಲಿ. ಜಮಾಬಂದಿಗೆ ರಾಜ್ಯದ ಇಲಾಖೆಗಳೂ ನಿಗಮಗಳೂ ತಮ್ಮ ಲೆಕ್ಕ ಹಿಡಿದು ಬರಲಿ. ಠರಾವಿನ ಪ್ರತಿಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕು ಪಂಚಾಯಿತಿಗಳಿಗೆ, ಜಿಲ್ಲಾ ಪಂಚಾಯಿತಿಗೆ, ಆರ್ಥಿಕ ಇಲಾಖೆಗೆ ಕಳಿಸಿ. ಕಳಿಸಿ ಸ್ವೀಕೃತಿ ಪಡೆಯುವುದನ್ನು ಮಾತ್ರ ಮರೆಯಬೇಡಿ.